ಆಯಿಲ್ ಇಂಜೆಕ್ಷನ್ ಔಟ್‌ಬೋರ್ಡ್ ಮೋಟಾರ್: ಭೀಮಾ ನದಿಗೆ ಸೈ, ಅಲಾರ್ಮ್ ಕೂಗಿದರೆ ಜೋಕೆ

ದೋಣಿಯ ಹಿಂಬದಿಗೆ ಸಿಕ್ಕಿಸುವ ಈ ಟೂ-ಸ್ಟ್ರೋಕ್ ಮೋಟಾರು ಆಯಿಲನ್ನು ತಾನೇ ಎಳೆದುಕೊಂಡು, ಪೆಟ್ರೋಲಿಗೆ ಬೆರೆಸುವ ರಗಳೆ ತಪ್ಪಿಸುತ್ತದೆ; ಯಾದಗಿರಿಯ ಭೀಮಾ ನದಿಗೆ, ನಾರಾಯಣಪುರದ ಹಿನ್ನೀರಿಗೆ ಚೆನ್ನಾಗಿ ಒಗ್ಗುತ್ತದೆ. ದೊಡ್ಡ ಕೊರತೆ ಒಂದೇ: ಆಯಿಲ್ ಕಡಿಮೆಯಾದರೂ ಬಿಸಿ ಹೆಚ್ಚಾದರೂ ಕೂಗುವುದು ಅದೇ ಬಜರ್.

ಕೂಗಿದ ಕೂಡಲೇ ವೇಗ ಇಳಿಸಿ, ಇಂಜಿನ್ ತಂಪು ಮಾಡಿ ಹಿಂದೆ ಚಿಮ್ಮುವ ನೀರಿನ ಧಾರೆ ನೋಡಿ. ಧಾರೆ ಸಣ್ಣಗಿದ್ದರೆ ಇಂಜಿನ್ ಬಂದ್ ಮಾಡಿ. ಮಳೆಗಾಲದ ಹೂಳುನೀರು ನೀರಿನ ಪಂಪಿನ ರಬ್ಬರ್ ಇಂಪೆಲ್ಲರನ್ನು (ನೀರು ತಳ್ಳುವ ಚಕ್ರ) ಸವೆಸುತ್ತದೆ, ನೀರು ಒಳಬರುವ ಜಾಲರಿಗೆ ಕಸ ಕಟ್ಟುತ್ತದೆ. ಧಾರೆ ಜೋರಾಗಿದ್ದರೆ ಆಯಿಲ್ ಟ್ಯಾಂಕ್ ನೋಡಿ. ತುಂಬಿದ್ದೂ ಕೂಗಿದರೆ ಆಯಿಲ್ ಮಟ್ಟ ತೋರುವ ಫ್ಲೋಟ್ ಸಿಕ್ಕಿಕೊಂಡಿರಬಹುದು, ಸೆನ್ಸರ್ ವೈರಿನ ಕನೆಕ್ಟರಿಗೆ ಕಿಲುಬು ಹಿಡಿದಿರಬಹುದು, ಆಯಿಲ್ ಪಂಪೇ ಕೆಟ್ಟಿರಲೂಬಹುದು. ಸೆನ್ಸರನ್ನು ದೂರಿ ವೈರ್ ಕಿತ್ತು ಓಡಿಸಬೇಡಿ, ಪಿಸ್ಟನ್ ಜಾಮ್ ಆದೀತು. ಅದರ ಬದಲು 20 ಲೀಟರ್ ಪೆಟ್ರೋಲಿಗೆ 400 ಮಿಲಿ ಟಿಸಿ-ಡಬ್ಲ್ಯು3 (ದೋಣಿಯ ಟೂ-ಸ್ಟ್ರೋಕ್ ಮೋಟಾರಿನ ದರ್ಜೆ) ಆಯಿಲ್ ಬೆರೆಸಿ, ನಿಧಾನವಾಗಿ ದಡ ಸೇರಿ. ಬೈಕಿನ ಟೂ-ಟಿ ಆಯಿಲ್ ಬೇಡವೇ ಬೇಡ.