ಈವ್‌ನ ಮೂರು ಮುಖ, ಸಿಬಿಲ್‌ನ 16: ನನ್ನ ಕಪಾಟಿನಲ್ಲಿ ಉಳಿದದ್ದು

ಎರಡು ಸಲ ದುಡ್ಡು ಕೊಟ್ಟು ಕೊಂಡ ಸಿನಿಮಾ ನನ್ನ ಹತ್ತಿರ ಒಂದೇ ಒಂದಿದೆ. ‘ದ ತ್ರೀ ಫೇಸಸ್ ಆಫ್ ಈವ್’, 1957ರ ಕಪ್ಪು ಬಿಳುಪು ಚಿತ್ರ. ಮೊದಲ ಸಲ ಸಿಕ್ಕಿದ್ದು ಕೆಟ್ಟ ಡಿಸ್ಕ್. ಆದರೂ ಬಿಡದೆ ಇನ್ನೊಂದು ಕೊಂಡೆ. ಇದರ ಪಕ್ಕ ಯಾವ ಚಿತ್ರ ಇಟ್ಟರೂ ನನ್ನ ಮನಸ್ಸು ಎತ್ತ ಇದೆ ಅಂತ ನಿಮಗೆ ಈಗಲೇ ಗೊತ್ತಾಗಿರಬೇಕು.

ಒಬ್ಬಳೊಳಗೇ ಇನ್ನೊಬ್ಬಳು ಇರುವ ಕಥೆ ನಮಗೇನೂ ಹೊಸದಲ್ಲ. 2004ರ ‘ಆಪ್ತಮಿತ್ರ’ದಲ್ಲಿ ಗಂಗಾ ನಾಗವಲ್ಲಿ ಆಗುವುದನ್ನು ಅಮ್ಮ ಎಷ್ಟು ಸಲ ನೋಡಿದ್ದಾರೋ ಲೆಕ್ಕವಿಲ್ಲ. ಸೌಂದರ್ಯ ಅಂದರೆ ಅವರಿಗೆ ಪ್ರಾಣ. ಆ ಜಾಡು ಹಿಡಿದೇ ನಾನು ಹಳೆಯ ಇಂಗ್ಲಿಷ್ ಚಿತ್ರಗಳನ್ನು ಹುಡುಕಿದ್ದು. ಕೈಗೆ ಸಿಕ್ಕಿದ್ದು ಮೂರು: ‘ಈವ್’, 1976ರಲ್ಲಿ ಅಮೆರಿಕದ ಟಿವಿಗೆ ಮಾಡಿದ ‘ಸಿಬಿಲ್’, ಮತ್ತೆ ‘ಲಿಝಿ’.

‘ಲಿಝಿ’ ಬಗ್ಗೆ ಹೇಳೋದು ಜಾಸ್ತಿ ಇಲ್ಲ. ಅದೂ 1957ರದ್ದೇ, ಈವ್‌ಗಿಂತ ಕೆಲವು ತಿಂಗಳು ಮೊದಲು ಬಂದಿದ್ದು. ಎಲಿನಾರ್ ಪಾರ್ಕರ್ ಚೆನ್ನಾಗಿ ಮಾಡಿದ್ದಾರೆ. ಒಂದು ಸಲ ನೋಡಿದೆ, ಮತ್ತೆ ನೋಡಬೇಕು ಅನ್ನಿಸಲಿಲ್ಲ.

ಈಗ ಆ ಕೆಟ್ಟ ಡಿಸ್ಕ್‌ನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಇನ್ನೊಬ್ಬರಿಗೆ ಹೀಗಾಗಬಾರದು.

ಹಳೆ ಡಿಸ್ಕ್ ಮಾರುವ ಅಂಗಡಿಯೊಂದರಲ್ಲಿ 120 ರೂಪಾಯಿಗೆ ಸಿಕ್ಕಿತ್ತು. ಹಿಂಬದಿಯಲ್ಲಿ ‘ಫುಲ್‌ಸ್ಕ್ರೀನ್’ ಅಂತ ಬರೆದಿತ್ತು. ಫುಲ್ ಅಂದರೆ ಪೂರ್ತಿ ಚಿತ್ರ ಕಾಣುತ್ತೆ ಅಂತಲೇ ಅಲ್ವಾ ಯಾರಾದರೂ ತಿಳಿಯೋದು? ನಾನೂ ಹಾಗೇ ತಿಳಿದೆ. ಆದರೆ ಇಲ್ಲಿ ಅರ್ಥ ಉಲ್ಟಾ. ಈವ್ ಸಿನಿಮಾಸ್ಕೋಪ್‌ನಲ್ಲಿ ತೆಗೆದ ಚಿತ್ರ. ಅಂದರೆ ಪರದೆಯ ಎತ್ತರ ಒಂದು ಮೊಳ ಇದ್ದರೆ ಅಗಲ ಎರಡು ಮೊಳಕ್ಕೂ ಜಾಸ್ತಿ. ಅಷ್ಟು ಅಗಲದ ಚಿತ್ರವನ್ನು ಹಳೆಯ ಚೌಕ ಟಿವಿಗೆ ತುಂಬಿಸಲು ಎರಡೂ ಬದಿ ಕತ್ತರಿಸುತ್ತಾರೆ. ನೂರರಲ್ಲಿ 40 ಪಾಲಿಗೂ ಹೆಚ್ಚು ಹೋಗಿಬಿಡುತ್ತೆ. ತುಂಬಿರೋದು ಟಿವಿ ಪರದೆ ಮಾತ್ರ.

ಬೇರೆ ಚಿತ್ರವಾಗಿದ್ದರೆ ಸಹಿಸಿಕೊಳ್ಳುತ್ತಿದ್ದೆನೇನೋ. ಈ ಚಿತ್ರದ ಜೀವ ಇರೋದೇ ಡಾಕ್ಟರ ಕೋಣೆಯಲ್ಲಿ. ಒಂದು ಕಡೆ ಡಾಕ್ಟರ್ ಲೂಥರ್, ಇನ್ನೊಂದು ಕಡೆ ಈವ್. ಅವಳು ಬದಲಾಗುವಾಗ ಅವರ ಮುಖದಲ್ಲಿ ಏನಾಗುತ್ತೆ ಅನ್ನೋದೂ ನಮಗೆ ಬೇಕು. ನನ್ನ ಡಿಸ್ಕ್‌ನಲ್ಲಿ ಅವಳು ಕಂಡರೆ ಅವರಿಲ್ಲ, ಅವರು ಕಂಡರೆ ಅವಳಿಲ್ಲ. ಚಿತ್ರ ಅತ್ತಿಂದಿತ್ತ ಹಾರುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಅಮ್ಮ, “ಯಾರ ಹತ್ತಿರ ಮಾತಾಡ್ತಿದಾಳೆ ಇವಳು?” ಅಂತ ಕೇಳಿದರು. ನನಗೆ ಹೊಟ್ಟೆ ಉರಿಯಿತು. ಅರ್ಧಕ್ಕೇ ನಿಲ್ಲಿಸಿದೆ.

ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಎರಡು ತಿಂಗಳು ಬಿಟ್ಟು 850 ರೂಪಾಯಿ ಕೊಟ್ಟು ಪೂರ್ತಿ ಅಗಲ ಕಾಣುವ ‘ವೈಡ್‌ಸ್ಕ್ರೀನ್’ ಡಿಸ್ಕ್ ತರಿಸಿದೆ. ನನ್ನ ಸಂಬಳದಲ್ಲಿ ಒಂದು ಸಿನಿಮಾಗೆ ಅದು ದೊಡ್ಡ ಮೊತ್ತ. ನೀವು ಡಿಸ್ಕ್ ಕೊಳ್ಳಿ, ಬಾಡಿಗೆಗೆ ನೋಡಿ, ಮೊದಲು ಚಿತ್ರದ ಮೇಲೆ ಕೆಳಗೆ ಕಪ್ಪು ಪಟ್ಟಿ ಇದೆಯಾ ನೋಡಿಕೊಳ್ಳಿ. ಪಟ್ಟಿ ಇದ್ದರೆ ಬದಿ ಕತ್ತರಿಸಿಲ್ಲ ಅಂತ, ನಿಶ್ಚಿಂತೆ.

ಹೊಸ ಡಿಸ್ಕ್ ಬಂದ ರಾತ್ರಿ ಅಮ್ಮನ ಜೊತೆ ಮತ್ತೆ ಮೊದಲಿಂದ ನೋಡಿದೆ. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ನಾನು ಪಕ್ಕದಲ್ಲಿ ಅಷ್ಟಿಷ್ಟು ಹೇಳುತ್ತಾ ಹೋಗಬೇಕು. ಜಾರ್ಜಿಯಾ ಕಡೆಯ ಆ ಎಳೆದಾಡುವ ಇಂಗ್ಲಿಷ್ ನನಗೇ ಸಬ್‌ಟೈಟಲ್ ಇಲ್ಲದೆ ಹಿಡಿಯುವುದು ಕಷ್ಟ. ಈವ್ ವೈಟ್ ಅನ್ನೋ ಸಾಧು ಗೃಹಿಣಿ ತಲೆನೋವು, ಮರೆವು ಅಂತ ಡಾಕ್ಟರ ಬಳಿ ಬಂದಿದ್ದಾಳೆ. ಮೈ ಹಿಡಿ ಮಾಡಿ ಕೂತಿದ್ದಾಳೆ. ತಲೆ ತಗ್ಗಿಸುತ್ತಾಳೆ. ಎತ್ತುತ್ತಾಳೆ, ಅಷ್ಟೇ. ಬಟ್ಟೆ ಅದೇ, ಕುರ್ಚಿ ಅದೇ. ನಾನಿನ್ನೂ ಬಾಯಿ ತೆರೆದಿರಲಿಲ್ಲ, ಅಮ್ಮ ಅಂದರು: “ಇವಳು ಬೇರೆಯವಳು ಕಣೇ!”

ಅವಳೇ ಈವ್ ಬ್ಲ್ಯಾಕ್. ಡಾಕ್ಟರ ಜೊತೆಗೇ ಸಲಿಗೆಯಿಂದ ಚೆಲ್ಲಾಟವಾಡುವವಳು. ಭಾಷೆ ಬಾರದ ಒಬ್ಬರಿಗೆ ಬರೀ ಭುಜ, ಕಣ್ಣು, ಕೂರುವ ರೀತಿಯಲ್ಲೇ ಆಳು ಬದಲಾಗಿದ್ದು ತಿಳಿಯಿತಲ್ಲ, ನಟನೆ ಅಂದರೆ ಅದು. ಈವ್ ಆಗಿ ನಟಿಸಿದ ಜೋಆನ್ ವುಡ್‌ವರ್ಡ್ ಅವರಿಗೆ ಆಗ ಬರೀ 27 ವರ್ಷ. ಮುಂದೆ ಜೇನ್ ಅನ್ನೋ ಮೂರನೆಯವಳು ಬಂದಾಗಲೂ ಅಮ್ಮ ನನಗಿಂತ ಮೊದಲೇ ಗುರುತಿಸಿದರು. 1958ರಲ್ಲಿ ಈ ಪಾತ್ರಕ್ಕೇ ವುಡ್‌ವರ್ಡ್ ಅವರಿಗೆ ಆಸ್ಕರ್ ಬಂತು. ಆ ಸಮಾರಂಭಕ್ಕೆ ತಾವೇ ಹೊಲಿದುಕೊಂಡ ಹಸಿರು ಗೌನ್ ತೊಟ್ಟು ಹೋಗಿದ್ದರಂತೆ. ಹೊಲಿಗೆ ಮೆಷಿನ್ ತುಳಿದೇ ನಮ್ಮನ್ನು ಓದಿಸಿದ ಅಮ್ಮನಿಗೆ ಈ ಮಾತು ಹೇಳಿದಾಗ ಅವರ ಮುಖ ಅರಳಿತು.

ಸಿಬಿಲ್ ಕಡಿಮೆಯ ಚಿತ್ರವಲ್ಲ. ಸ್ಯಾಲಿ ಫೀಲ್ಡ್ 16 ವ್ಯಕ್ತಿಗಳನ್ನು ಹೊತ್ತಿದ್ದಾರೆ, ಅಮೆರಿಕದ ಟಿವಿಯ ಎಮ್ಮಿ ಪ್ರಶಸ್ತಿ ಅವರಿಗೆ ಸಲ್ಲಬೇಕಾದದ್ದೇ. ನನಗೆ ತುಂಬಾ ಹಿಡಿಸಿದ್ದು ಏನು ಗೊತ್ತಾ? ಅದರಲ್ಲಿ ವೈದ್ಯೆ ಆಗಿರುವುದು ಅದೇ ಜೋಆನ್ ವುಡ್‌ವರ್ಡ್. 19 ವರ್ಷದ ಹಿಂದೆ ರೋಗಿಯ ಕುರ್ಚಿಯಲ್ಲಿ ಕೂತಿದ್ದವರು ಈಗ ಎದುರು ಕುರ್ಚಿಯಲ್ಲಿ. ಎರಡನ್ನೂ ಬೆನ್ನುಬೆನ್ನಿಗೆ ನೋಡಿದವರಿಗೆ ಮೈ ಜುಮ್ ಅನ್ನುತ್ತೆ.

ಆದರೆ ಪೂರ್ತಿ ಚಿತ್ರ ಮೂರು ಗಂಟೆಗೂ ಜಾಸ್ತಿ. ಕತ್ತರಿಸಿದ ಪ್ರತಿಗಳೂ ಇವೆ, ಅವನ್ನು ಮುಟ್ಟಬೇಡಿ. ಅಮ್ಮ ಹತ್ತಕ್ಕೆಲ್ಲ ಮಲಗುವವರು. ಈವ್ 91 ನಿಮಿಷ, ಊಟ ಮುಗಿಸಿ ಕೂತರೆ ಒಂದೇ ಸಲಕ್ಕೆ ಮುಗಿಯುತ್ತೆ. ಸಿಬಿಲ್‌ಗೆ ಎರಡು ರಾತ್ರಿ ಬೇಕು. ಅದಕ್ಕಿಂತ ದೊಡ್ಡ ತೊಡಕು, ತಾಯಿ ಮಗುವನ್ನು ಹಿಂಸಿಸುವ ದೃಶ್ಯಗಳು. ಅಮ್ಮ ಎದ್ದು ಅಡುಗೆಮನೆಗೆ ಹೋಗಿಬಿಟ್ಟರು. ನಾನೂ ಮುಖ ತಿರುಗಿಸಿದೆ.

ಎರಡೂ ನಿಜವಾದ ರೋಗಿಗಳ ಕಥೆ ಅಂತಲೇ ಬಂದ ಚಿತ್ರಗಳು, ಆದರೆ ನಿಜದ ಮಾತಿಗೆ ಬಂದರೆ ಎರಡಕ್ಕೂ ಕೊರತೆ ಇದೆ. ಸಿಬಿಲ್‌ನ ಮೂಲಕಥೆ ಎಷ್ಟು ನಿಜ ಅನ್ನೋ ವಾದ ಇವತ್ತಿಗೂ ಮುಗಿದಿಲ್ಲ. ಈವ್‌ನಲ್ಲಿ ಬಾಲ್ಯದ ಒಂದು ನೆನಪು ಹೊರಬಂದ ಕೂಡಲೇ ಎಲ್ಲ ಸರಿಹೋಗುತ್ತೆ. ಇದೊಂದು ನನಗೆ ಒಪ್ಪಿಗೆಯಾಗಲಿಲ್ಲ. ನಿಜವಾದ ಈವ್, ಕ್ರಿಸ್ ಕಾಸ್ಟ್ನರ್ ಸೈಜ್‌ಮೋರ್, 1977ರಲ್ಲಿ ತಮ್ಮ ಪುಸ್ತಕದಲ್ಲಿ ಹೆಸರು ಹೇಳಿಕೊಂಡು ಹೊರಬಂದರು. ಮೂರಲ್ಲ, 20ಕ್ಕೂ ಹೆಚ್ಚು ವ್ಯಕ್ತಿಗಳು ತಮ್ಮೊಳಗಿದ್ದರು ಅಂದರು. ಸಿನಿಮಾ ಮುಗಿದ ಮೇಲೂ ಅವರ ಕಷ್ಟ ವರ್ಷಗಟ್ಟಲೆ ನಡೆದಿತ್ತು. ಚಿತ್ರ ನೋಡಿದ ಮೇಲೆ ಅವರ ಬಗ್ಗೆಯೂ ಓದಿ. ಅಷ್ಟು ಋಣ ನಮ್ಮ ಮೇಲಿದೆ ಅಂತ ನನಗನ್ನಿಸುತ್ತೆ.

ಜೇಬಿನಲ್ಲಿ ಒಂದಕ್ಕೇ ದುಡ್ಡಿದ್ದರೆ ಈವ್, ಅದೂ ವೈಡ್‌ಸ್ಕ್ರೀನ್. ಮನೆಯವರ ಜೊತೆ ಕೂತು ನೋಡುವವರಂತೂ ಬೇರೆ ಯೋಚನೆಯೇ ಮಾಡಬೇಡಿ. ಒಬ್ಬರೇ ನೋಡುವವರು, ಎರಡು ರಾತ್ರಿ ಬಿಡುವಿರುವವರು, ಗಟ್ಟಿ ಮನಸ್ಸಿನವರು ಸಿಬಿಲ್ ಕೂಡ ನೋಡಬಹುದು. ನನ್ನ ಸಿಬಿಲ್ ಡಿಸ್ಕನ್ನು ತಂಗಿಗೆ ಕೊಟ್ಟೆ. ಅವಳು ಮನಶ್ಶಾಸ್ತ್ರ ಓದುತ್ತಿದ್ದಾಳೆ, ವೈದ್ಯೆಯ ಆ ಉದ್ದದ ಮಾತುಕತೆಗಳೇ ಅವಳಿಗೆ ಬೇಕಾಗಿದ್ದವು. ಈವ್ ಡಿಸ್ಕನ್ನೂ ಕೇಳಿದಳು. ಅದನ್ನು ನೋಡಬೇಕಾದರೆ ಮನೆಗೇ ಬಾ ಅಂದಿದ್ದೇನೆ.