1,70,000 ಕಿಲೋಮೀಟರ್ ಓಡಿದ ಆಕ್ಟೇವಿಯಾ ಆರ್‌ಎಸ್: ಕೊಂಡು ಕೆಲವು ವರ್ಷಗಳ ನಂತರ

ಮನೆಯಲ್ಲಿ ದಿನದ ಓಡಾಟಕ್ಕೆ ಇನ್ನೊಂದು ಕಾರಿದ್ದರೆ ಈ ಹಳೆಯ ಸ್ಕೋಡಾ ಕೊಳ್ಳಿ; ಇದೊಂದೇ ಕಾರಾಗುವುದಾದರೆ ಬೇಡ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಹಳೆಯ ಟರ್ಬೊ ಕಾರು (ಎಂಜಿನ್ನಿಗೆ ಹೆಚ್ಚು ಗಾಳಿ ನೂಕಿ ಶಕ್ತಿ ಏರಿಸುವ ಟರ್ಬೊ ಇರುವಂಥದ್ದು) ಕೊಳ್ಳುವ ಆಸೆಯಿಂದ ನನ್ನನ್ನು ಕೇಳುವವರೆಲ್ಲ ಎರಡೇ ಪ್ರಶ್ನೆಗೆ ನಿಂತುಬಿಡುತ್ತಾರೆ: ಎಷ್ಟು ಓಡಿದೆ, ಲೀಟರ್‌ಗೆ ಎಷ್ಟು ಕೊಡುತ್ತದೆ. ಎರಡನೆಯದಕ್ಕೆ ಉತ್ತರ ಸುಲಭ. ದಾವಣಗೆರೆ ಪೇಟೆಯೊಳಗೆ ಎಂಟು-ಒಂಬತ್ತು, ಹೆದ್ದಾರಿಯಲ್ಲಿ ಕಾಲು ಹಗುರವಾಗಿದ್ದರೆ ಹನ್ನೆರಡು-ಹದಿಮೂರು. ಮೊದಲನೆಯದು ಮಾತ್ರ ಅರ್ಧ ಪ್ರಶ್ನೆ.

ನನ್ನದು ಮೊದಲ ತಲೆಮಾರಿನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 2007ರ ನೋಂದಣಿ. 2004ರಲ್ಲಿ ಈ ಮಾದರಿ ಭಾರತಕ್ಕೆ ಬಂದಾಗ ಟರ್ಬೊ ಪೆಟ್ರೋಲ್ ಕಾರು ಇಲ್ಲಿ ಅಪರೂಪ. 1.8 ಲೀಟರ್ ಎಂಜಿನ್, ಸಿಲಿಂಡರ್‌ಗೆ ಐದರಂತೆ ಇಪ್ಪತ್ತು ವಾಲ್ವ್, 150 ಅಶ್ವಶಕ್ತಿ, 210 ನ್ಯೂಟನ್ ಮೀಟರ್ ಟಾರ್ಕ್. ಯುರೋಪಿನವರಿಗೆ 180 ಅಶ್ವಶಕ್ತಿಯ ಆರ್‌ಎಸ್ ಸಿಕ್ಕಿತ್ತು, ನಮಗೆ ಮೂವತ್ತು ಕಡಿಮೆ. ಗೇರ್‌ಬಾಕ್ಸ್ ಐದು ಗೇರಿನ ಮ್ಯಾನುಯಲ್, ಹಳೆಯ ಕಾರು ಕೊಳ್ಳುವವನಿಗೆ ಇದೇ ದೊಡ್ಡ ನೆಮ್ಮದಿ. ಸ್ವಯಂಚಾಲಿತ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಕೈಕೊಟ್ಟರೆ ಬರುವ ಬಿಲ್ಲಿನಲ್ಲಿ ಒಂದು ಸ್ಕೂಟರ್ ಕೊಳ್ಳಬಹುದು.

ನಾನು ನೋಡಿದಾಗ ಮೀಟರ್‌ನಲ್ಲಿ 1,70,000 ಚಿಲ್ಲರೆ ಇತ್ತು. ಮನೆಯವರಿಗೆ ಗಾಬರಿ. ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು ಹನ್ನೆರಡು ಸಾವಿರ, ಅಂಥ ಹೆಚ್ಚೇನಲ್ಲ. ಹಿಂದಿನ ಮಾಲೀಕರು ಚಿತ್ರದುರ್ಗದ ಗುತ್ತಿಗೆದಾರರು, ಬೆಂಗಳೂರಿಗೆ ಹೋಗಿಬರಲು ಈ ಕಾರು ಬಳಸುತ್ತಿದ್ದರು. ಚಿತ್ರದುರ್ಗದಿಂದ ಬೆಂಗಳೂರು ಇನ್ನೂರು ಕಿಲೋಮೀಟರ್, ಬಹುಪಾಲು ಐದನೇ ಗೇರಿನ ದಾರಿ. ಎಂಜಿನ್ ಪೂರ್ತಿ ಕಾಯುತ್ತದೆ, ಕ್ಲಚ್ ತುಳಿಯುವುದು ಕಡಿಮೆ, ಬ್ರೇಕ್ ಅದಕ್ಕಿಂತ ಕಡಿಮೆ. ಅದೇ ಸಮಯದಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರ ನೆಲಮಾಳಿಗೆಯಲ್ಲಿದ್ದ ಇನ್ನೊಂದು ಆರ್‌ಎಸ್ ಕೂಡ ನೋಡಿದ್ದೆ. ಅದು ಎಪ್ಪತ್ತು ಸಾವಿರವೂ ಓಡಿರಲಿಲ್ಲ, ಬಣ್ಣ ಕನ್ನಡಿಯಂತಿತ್ತು, ಬೆಲೆಯೂ ಹೆಚ್ಚು. ಆದರೆ ಟೈರಿನ ಬದಿಯಲ್ಲಿ ತಯಾರಾದ ವಾರ ಮತ್ತು ವರ್ಷ ಹೇಳುವ ನಾಲ್ಕು ಅಂಕಿಗಳನ್ನು ಓದಿದರೆ ಅವು ಹತ್ತು ವರ್ಷ ಹಳೆಯವು. ಎಂಜಿನ್ ಮೇಲಿನ ನಿರ್ವಾತ ಕೊಳವೆಗಳನ್ನು ಬೆರಳಿನಿಂದ ಒತ್ತಿದರೆ ಬಿಸ್ಕತ್ತಿನ ಹಾಗೆ ಚೂರಾಗುತ್ತಿದ್ದವು. ಪಿಸ್ಟನ್ ಮತ್ತು ವಾಲ್ವ್‌ಗಳ ತಾಳ ಹೊಂದಿಸುವ ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ಲೇ ಇಲ್ಲ. "ಅಷ್ಟು ಓಡಿಯೇ ಇಲ್ಲವಲ್ಲ ಸರ್" ಎಂದರು ಮಾರುವವರು. ಬೆಲ್ಟಿಗೆ ಕಿಲೋಮೀಟರ್ ಜೊತೆ ವಯಸ್ಸೂ ಆಗುತ್ತದೆ. ಈ ಎಂಜಿನ್ನಿನಲ್ಲಿ ಬೆಲ್ಟ್ ತುಂಡಾದರೆ ಪಿಸ್ಟನ್ ಹೋಗಿ ವಾಲ್ವ್‌ಗಳಿಗೆ ಬಡಿಯುತ್ತದೆ, ಎಂಜಿನ್ ಬಿಚ್ಚದೆ ಬೇರೆ ದಾರಿಯಿಲ್ಲ. ಆ ಕಾರನ್ನು ಅಲ್ಲೇ ಬಿಟ್ಟು ಬಂದೆ.

ದುರ್ಗದ ಕಾರನ್ನು ನೋಡಲು ದಾವಣಗೆರೆಯಿಂದ ನಮ್ಮ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿದ್ದೆ. ನಾವು ಬರುವ ತನಕ ಕಾರನ್ನು ಚಾಲೂ ಮಾಡಬೇಡಿ ಎಂದು ಹಿಂದಿನ ದಿನವೇ ಫೋನ್ ಮಾಡಿ ಹೇಳಿಸಿದವರು ಅವರೇ. ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಟ್ಟರು, ತಣ್ಣಗಿತ್ತು. ಬೆಳಿಗ್ಗೆಯ ಮೊದಲ ಚಾಲನೆಯಲ್ಲಿ ಸೈಲೆನ್ಸರ್‌ನಿಂದ ನೀಲಿ ಹೊಗೆ ಒಂದು ಗುಕ್ಕು ಬಂದು ನಿಂತರೆ ವಾಲ್ವ್ ಸೀಲ್ ಸವೆದಿರುವ ಸೂಚನೆ, ಅದನ್ನು ಬೆಲೆಯಲ್ಲಿ ಕಳೆಯಬಹುದು. ಓಡುವಾಗ, ಅದರಲ್ಲೂ ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ನೀಲಿ ಹೊಗೆ ಬಂದರೆ ಟರ್ಬೊ ಅಥವಾ ಪಿಸ್ಟನ್ ರಿಂಗ್ ಮೇಲೆ ಅನುಮಾನ. ಮಾತು ಅಲ್ಲಿಗೇ ಮುಗಿಯಬೇಕು. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಎಂಜಿನ್ ತಣಿಸುವ ದ್ರವ, ಅಂದರೆ ಕೂಲೆಂಟ್, ಒಳಗೆ ಸೋರುತ್ತಿರಬಹುದು. ಇದರಲ್ಲಿ ಇವು ಯಾವುವೂ ಇರಲಿಲ್ಲ. ಎಂಜಿನ್ ಕಂಪ್ಯೂಟರ್‌ನಲ್ಲಿನ ದೋಷ ಓದುವ ಸ್ಕ್ಯಾನರ್ ಹಾಕಿದರು, ಸ್ಪಾರ್ಕ್ ಪ್ಲಗ್ ಬಿಚ್ಚಿ ನಾಲ್ಕೂ ಸಿಲಿಂಡರ್‌ಗಳ ಕಂಪ್ರೆಷನ್, ಅಂದರೆ ಒಳಗಿನ ಒತ್ತಡ, ಅಳೆದರು. ಅಂಕಿ ಎಷ್ಟಿದೆ ಎನ್ನುವುದಕ್ಕಿಂತ ನಾಲ್ಕೂ ಹತ್ತಿರ ಹತ್ತಿರ ಇವೆಯೇ ಎಂಬುದನ್ನೇ ಅವರು ನೋಡಿದ್ದು. ಕೊನೆಗೆ ಕೇಳಿದ್ದು ಬಿಲ್ಲುಗಳ ಫೈಲ್. ಮೀಟರ್ ತಿರುಗಿಸುವುದು ದೊಡ್ಡ ವಿದ್ಯೆಯಲ್ಲ. ಆದರೆ ಪ್ರತಿ ಸರ್ವಿಸ್ ಬಿಲ್ಲಿನಲ್ಲಿ ಬರೆದ ಕಿಲೋಮೀಟರ್ ವರ್ಷದಿಂದ ವರ್ಷಕ್ಕೆ ಏರಿಕೊಂಡು ಬಂದಿದ್ದರೆ, ಪೆಡಲ್ ರಬ್ಬರು ಮತ್ತು ಚಾಲಕನ ಸೀಟಿನ ಅಂಚು ಅಷ್ಟೇ ಸವೆದಿದ್ದರೆ, ನಂಬಬಹುದು.

ಮೂರು ಲಕ್ಷದ ಒಳಗೆ ವ್ಯಾಪಾರ ಮುಗಿಯಿತು. ಮೊದಲ ವರ್ಷದಲ್ಲೇ ಅದರ ಮೂರನೇ ಒಂದು ಭಾಗದಷ್ಟು ಮತ್ತೆ ಸುರಿದೆ, ಅದನ್ನು ಮೊದಲೇ ತೆಗೆದಿಟ್ಟಿದ್ದೆ. ಟೈಮಿಂಗ್ ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಮೂರನ್ನೂ ಒಟ್ಟಿಗೆ ಹಾಕಿಸಿದೆ. ಪಂಪನ್ನು ತಿರುಗಿಸುವುದೂ ಅದೇ ಬೆಲ್ಟ್, ಹಾಗಾಗಿ ಎರಡು ಸಲ ಬಿಚ್ಚುವ ಕೂಲಿ ದಂಡ. ಮುಂದಿನ ಸಸ್ಪೆನ್ಷನ್ ಬುಷ್‌ಗಳು, ಒಂದು ಇಗ್ನಿಷನ್ ಕಾಯಿಲ್, ಕೂಲೆಂಟ್ ತಾಪಮಾನದ ಸೆನ್ಸರ್, ಟರ್ಬೊದ ಹೆಚ್ಚುವರಿ ಒತ್ತಡ ಬೇರೆಡೆ ತಿರುಗಿಸುವ ಡೈವರ್ಟರ್ ವಾಲ್ವ್. ಈ ಎಂಜಿನ್ ಬಲ್ಲವರಿಗೆ ಈ ಪಟ್ಟಿ ಬಾಯಿಪಾಠ. ಇಷ್ಟು ವರ್ಷದ ರಬ್ಬರು, ಪ್ಲಾಸ್ಟಿಕ್ಕಿಗೆ ಕಂಪನಿಯನ್ನು ದೂರಿ ಪ್ರಯೋಜನವಿಲ್ಲ.

ಬಿಡಿಭಾಗಕ್ಕಿಂತ ಕಷ್ಟ ಕೆಲಸ ಬಲ್ಲ ಕೈ ಹುಡುಕುವುದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿದರೆ ಬಹಳಷ್ಟು ಸಾಮಾನು ಸಿಗುತ್ತದೆ, ರಾತ್ರಿ ಬಸ್ಸಿಗೆ ಹಾಕಿಸಿದರೆ ಬೆಳಿಗ್ಗೆ ಇಲ್ಲಿ. ಕೈ ಹಾಗೆ ಪಾರ್ಸೆಲ್ ಆಗಿ ಬರುವುದಿಲ್ಲ. ಊರಿನ ಗ್ಯಾರೇಜ್ ಒಂದರಲ್ಲಿ ಎಂಜಿನ್ ದೀಪ ಹತ್ತಿದಾಗಲೆಲ್ಲ ಸ್ಕ್ಯಾನರ್‌ನಿಂದ ಅಳಿಸಿ ಹಣ ತೆಗೆದುಕೊಂಡರು. ಕೊನೆಗೆ ನಮ್ಮ ಮೆಕ್ಯಾನಿಕ್ ಕೊಳವೆಗಳೊಳಗೆ ಹೊಗೆ ಬಿಟ್ಟು ಪರೀಕ್ಷಿಸಿ, ಹೆಬ್ಬೆರಳಿನಷ್ಟು ಉದ್ದದ ಒಂದು ಕೊಳವೆಯಲ್ಲಿ ಬಿರುಕು ಹಿಡಿದರು. ಅದರ ಬೆಲೆ ಎರಡು ಪ್ಲೇಟ್ ಬೆಣ್ಣೆ ದೋಸೆಗಿಂತ ಹೆಚ್ಚಿರಲಿಲ್ಲ.

ಇಷ್ಟೆಲ್ಲ ಏಕೆ ಎಂದರೆ, ಚನ್ನಗಿರಿ ರಸ್ತೆಗೆ ಬನ್ನಿ. ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ ನೂರರ ಮಿತಿ. ಅಲ್ಲಿ ಈ ಕಾರಿಗೆ ಕೆಲಸವೇ ಇಲ್ಲ, ಯಾವ ಕಾರಾದರೂ ನಡೆಯುತ್ತದೆ. ಈ ಚನ್ನಗಿರಿ ರಸ್ತೆಯಲ್ಲಿ, ಸಂತೆಬೆನ್ನೂರಿನ ಕಡೆ ಮೆಕ್ಕೆಜೋಳದ ಲಾರಿಯೊಂದರ ಹಿಂದೆ ಸಿಕ್ಕಿಕೊಂಡು, ಎದುರಿನ ದಾರಿ ಖಾಲಿಯಾದಾಗ ಮೂರನೇ ಗೇರಿಗೆ ಇಳಿಸಿ ಒತ್ತಿದರೆ, ಎರಡು ಸಾವಿರ ಆರ್‌ಪಿಎಂ ಸುತ್ತಮುತ್ತ ಟರ್ಬೊ ಎಚ್ಚರಾಗಿ ಬೆನ್ನನ್ನು ಸೀಟಿಗೆ ಒತ್ತುತ್ತದೆ. ಲಾರಿ ದಾಟಿದ್ದೇ ಗೊತ್ತಾಗುವುದಿಲ್ಲ. ಸ್ಟೇರಿಂಗ್‌ನ ಭಾರ, ಬಾಗಿಲು ಮುಚ್ಚುವ ಸದ್ದು, ತಿರುವಿನಲ್ಲಿ ದೇಹ ವಾಲದ ರೀತಿ ಈಗಿನ ಅನೇಕ ಹೊಸ ಕಾರುಗಳಲ್ಲಿಲ್ಲ. ಡಿಕ್ಕಿ 528 ಲೀಟರ್, ಮದುವೆಯ ಸಾಮಾನು ತಂದಿದ್ದೇವೆ. ಹಳ್ಳಿಯ ರಸ್ತೆ ಉಬ್ಬುಗಳಿಗೆ ಮಾತ್ರ ಮುಂದಿನ ಬಂಪರ್ ಕೆಳಭಾಗ ಕಪ್ಪಕಾಣಿಕೆ ಕೊಡುತ್ತಲೇ ಇರಬೇಕು.

ಪೆಟ್ರೋಲ್ ವಿಷಯದಲ್ಲಿ ಜಿಪುಣತನ ಬೇಡ. ಸಾದಾ ಪೆಟ್ರೋಲ್ ಮೊದಲು 91 ಆಕ್ಟೇನ್ (ಎಂಜಿನ್ನಿನ ಕುಟ್ಟುವಿಕೆ ತಡೆಯುವ ಗುಣದ ಅಳತೆ) ಇತ್ತು. ಈ ಎಂಜಿನ್ ಬಯಸುವುದು 95. ಕಡಿಮೆ ಹಾಕಿದರೆ ಆ ಕುಟ್ಟುವಿಕೆ ಗುರುತಿಸುವ ನಾಕ್ ಸೆನ್ಸರ್ ಇಗ್ನಿಷನ್ನನ್ನು ಹಿಂದಕ್ಕೆ ಸರಿಸಿ ಎಂಜಿನ್ನನ್ನು ಕಾಪಾಡುತ್ತದೆ, ಆದರೆ ಶಕ್ತಿ ಇಳಿಯುತ್ತದೆ. ಶೇ 20 ಎಥೆನಾಲ್ ಬೆರೆತ ಪೆಟ್ರೋಲ್ ಬಂದ ಮೇಲೆ ಇಂಧನದ ರಬ್ಬರ್ ಕೊಳವೆಗಳನ್ನು ಎಥೆನಾಲ್ ತಾಳುವಂಥವಕ್ಕೆ ಬದಲಿಸಿದ್ದೇನೆ. ಬಹಳ ಹೊತ್ತು ಓಡಿಸಿ ಬಂದರೆ ನಿಲ್ಲಿಸುವ ಮೊದಲು ಸ್ವಲ್ಪ ಹೊತ್ತು ಐಡಲ್‌ನಲ್ಲಿ ಬಿಡಬೇಕು, ಇಲ್ಲದಿದ್ದರೆ ಟರ್ಬೊದೊಳಗಿನ ಎಣ್ಣೆ ಸುಟ್ಟು ಗಟ್ಟಿಯಾಗುತ್ತದೆ.

ಕಾಗದಪತ್ರದ ಕಡೆ ಹೆಚ್ಚು ತೊಂದರೆಯಿಲ್ಲ. ಹದಿನೈದು ವರ್ಷವಾದಾಗ ಆರ್‌ಟಿಒದಲ್ಲಿ ಫಿಟ್‌ನೆಸ್ ಮಾಡಿಸಿ ಐದು ವರ್ಷಕ್ಕೆ ನವೀಕರಿಸಿದೆ. 2022ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕ 5,000 ರೂಪಾಯಿ, ಹಸಿರು ತೆರಿಗೆ ಬೇರೆ. 20 ವರ್ಷ ದಾಟಿದ ಕಾರಿಗೆ 2025ರಲ್ಲಿ ನವೀಕರಣ ಶುಲ್ಕವನ್ನು 10,000 ಮಾಡಿದ್ದಾರೆ, 2027ಕ್ಕೆ ಅದು ನನ್ನ ಬಾಗಿಲಿಗೂ ಬರುತ್ತದೆ. 1,500 ಸಿಸಿ ಮೀರಿದ್ದರಿಂದ ಥರ್ಡ್ ಪಾರ್ಟಿ ವಿಮೆಯೂ ಸಣ್ಣ ಕಾರಿನದಕ್ಕಿಂತ ದುಬಾರಿ.

ಮೀಟರ್ ಈಗ ಎರಡು ಲಕ್ಷ ದಾಟಿದೆ. ಎಂಜಿನ್ ಎಣ್ಣೆ ಕುಡಿಯುವುದಿಲ್ಲ. ಕ್ಲಚ್ ಪೆಡಲ್ ಇತ್ತೀಚೆಗೆ ಗಡುಸಾಗಿದೆ, ನಾಲ್ಕನೇ ಗೇರಿನಲ್ಲಿ ಏರು ಹತ್ತುವಾಗ ಜಾರುತ್ತಿರುವ ಅನುಮಾನವೂ ಇದೆ. ಮಳೆಗಾಲ ಶುರುವಾಗುವ ಮೊದಲು ಹೊಸ ಕ್ಲಚ್ ಕೂರಿಸುತ್ತೇವೆ, ಸಾಮಾನಿಗೆ ಜೆ.ಸಿ. ರಸ್ತೆಗೆ ಹೇಳಿಯಾಗಿದೆ.