ಬಫರ್‌ನಲ್ಲಿ ಗೆದ್ದದ್ದು ಸೀರಮ್‌ನಲ್ಲಿ ನಿಲ್ಲುವುದಿಲ್ಲ: ಮೂರು ನ್ಯಾನೊಸಂವೇದಕಗಳ ಹೋಲಿಕೆ

ಮೈಕ್ರೋಆರ್‌ಎನ್‌ಎ ಎಂದರೆ ಸುಮಾರು 22 ನ್ಯೂಕ್ಲಿಯೋಟೈಡ್‌ಗಳ (ಅಕ್ಷರಗಳಂತೆ ಸಾಲಾಗಿ ಕೂಡಿದ ಘಟಕಗಳ) ಪುಟ್ಟ ಆರ್‌ಎನ್‌ಎ ಎಳೆ. ಅದರಲ್ಲೂ ಲೆಟ್-7ಎ ಮತ್ತು ಲೆಟ್-7ಸಿ ಎಂಬ ಎರಡು ಮೈಕ್ರೋಆರ್‌ಎನ್‌ಎಗಳ ನಡುವಿನ ವ್ಯತ್ಯಾಸ ಒಂದೇ ಒಂದು ನ್ಯೂಕ್ಲಿಯೋಟೈಡ್. ಈ ಜೋಡಿಯನ್ನೇ ಒರೆಗಲ್ಲಾಗಿಸಿಕೊಂಡು ಇಂಥ ಎಳೆಗಳನ್ನು ಪತ್ತೆಹಚ್ಚುವ ಸಂವೇದಕಗಳಾಗಿ ಗ್ರ್ಯಾಫೀನ್ ಆಕ್ಸೈಡ್ (ಇಂಗಾಲದ ಅತಿ ತೆಳು ಹಾಳೆ), ಚಿನ್ನದ ನ್ಯಾನೊಕಣ, ಕ್ವಾಂಟಮ್ ಡಾಟ್ (ಬೆಳಕು ಬಿದ್ದರೆ ಹೊಳೆಯುವ ಅರೆವಾಹಕ ನ್ಯಾನೊಕಣ) ಮೂರನ್ನೂ ಬಳಸಿ ನೋಡಿದ್ದೇನೆ.

ತಯಾರಿಯಲ್ಲಿ ಗ್ರ್ಯಾಫೀನ್ ಆಕ್ಸೈಡ್‌ಗೆ ಸಾಟಿಯಿಲ್ಲ. ತುದಿಯಲ್ಲಿ ಪ್ರತಿದೀಪಕ ಬಣ್ಣವಿರುವ ಡಿಎನ್‌ಎ ಪ್ರೋಬ್ ಅನ್ನು (ಗುರಿಯ ಆರ್‌ಎನ್‌ಎಗೆ ಜೋಡಿಯಾಗುವ ಎಳೆಯನ್ನು) ಬೆರೆಸಿದರೆ ಸಾಕು, ಒಂಟಿ ಎಳೆ ತಾನಾಗಿ ಹಾಳೆಗೆ ಅಂಟಿಕೊಂಡು ಬೆಳಕು ನಂದುತ್ತದೆ. ಗುರಿಯ ಆರ್‌ಎನ್‌ಎ ಜೊತೆಗೂಡಿದೊಡನೆ ಕಳಚಿಕೊಂಡು ಮತ್ತೆ ಬೆಳಗುತ್ತದೆ. ಬಫರ್‌ನಲ್ಲಿ, ಅಂದರೆ ಆಮ್ಲೀಯತೆ ಬದಲಾಗದಂತೆ ಕಾಯುವ ಸರಳ ದ್ರಾವಣದಲ್ಲಿ, ಸೊಗಸಾದ ಫಲಿತಾಂಶ. ಆದರೆ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವ) ಬೆರೆಸಿದಾಗ, ಗುರಿಯೇ ಇಲ್ಲದ ಕಂಟ್ರೋಲ್ ನಳಿಕೆಯೂ ಬೆಳಗಿತು! ಸೀರಮ್‌ನ ಪ್ರೋಟೀನ್‌ಗಳು ಹಾಳೆಯ ಮೇಲೆ ಜಾಗ ಹಿಡಿದು ಪ್ರೋಬ್ ಅನ್ನು ಹೊರದಬ್ಬುತ್ತವೆ. ಬರೀ ಅಂಟಿಕೊಂಡದ್ದಕ್ಕೆ ಅಷ್ಟೇ ಬಲ. ಶುದ್ಧೀಕರಿಸಿದ ಆರ್‌ಎನ್‌ಎಗೆ ಮಾತ್ರ ನಾನು ಇದನ್ನು ಒಪ್ಪುತ್ತೇನೆ.

ಚಿನ್ನದ ಕಣಗಳೂ ಹೀಗೆಯೇ ಪ್ರೋಬ್‌ನ ಬೆಳಕನ್ನು ನಂದಿಸುತ್ತವೆ, ಆದರೆ ಅವಕ್ಕೆ ತಾಳ್ಮೆ ಬೇಕು. ಸುಮಾರು 13 ನ್ಯಾನೊಮೀಟರ್ ಕಣಗಳಿಗೆ ಥಯೋಲ್ (ಚಿನ್ನಕ್ಕೆ ಬಿಗಿಯಾಗಿ ಬಂಧಿಸುವ ಗಂಧಕದ ಗುಂಪು) ತುದಿಯ ಪ್ರೋಬ್ ಕೂರಿಸುವಾಗ ಉಪ್ಪನ್ನು ಸ್ವಲ್ಪಸ್ವಲ್ಪವೇ ಏರಿಸಬೇಕು. ಅವಸರಪಟ್ಟರೆ ಕೆಂಪು ದ್ರಾವಣ ನೇರಳೆಗೆ ತಿರುಗಿ ಕಣಗಳು ಗುಂಪುಗಟ್ಟುತ್ತವೆ. ಆದರೆ ಒಮ್ಮೆ ಸರಿಯಾಗಿ ಕುಳಿತ ಪ್ರೋಬ್ ಸೀರಮ್‌ನಲ್ಲೂ ಕದಲಲಿಲ್ಲ, ಕಂಟ್ರೋಲ್ ನಳಿಕೆ ಕತ್ತಲಾಗಿಯೇ ಉಳಿಯಿತು. ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು: ಆರ್‌ಎನ್‌ಎ ಕೆಡದಂತೆ ಹಾಕುವ ಆರ್‌ಎನ್‌ಏಸ್ (ಆರ್‌ಎನ್‌ಎಯನ್ನು ಕತ್ತರಿಸುವ ಕಿಣ್ವ) ಪ್ರತಿಬಂಧಕದ ದ್ರಾವಣದಲ್ಲಿ ಅನೇಕ ವೇಳೆ ಡಿಟಿಟಿ ಎಂಬ ರಾಸಾಯನಿಕ ಇರುತ್ತದೆ. ಅದೂ ಥಯೋಲ್ ಆದ್ದರಿಂದ ಪ್ರೋಬ್‌ಗಳನ್ನು ಚಿನ್ನದಿಂದ ಕಿತ್ತುಹಾಕುತ್ತದೆ. ಲೇಬಲ್ ಓದದೆ ಸುರಿಯಬೇಡಿ. ಲೆಟ್-7ಎ, ಲೆಟ್-7ಸಿ ಬೇರ್ಪಟ್ಟದ್ದೂ ಇಲ್ಲೇ ಚೆನ್ನಾಗಿ, ಆದರೆ ಅದರ ಶ್ರೇಯಸ್ಸು ಚಿನ್ನದ್ದಲ್ಲ. ಹೇರ್‌ಪಿನ್ ಆಕಾರದ ಪ್ರೋಬ್ ಮತ್ತು ಉಷ್ಣಾಂಶದ ಹಿಡಿತದ್ದು.

ಕ್ವಾಂಟಮ್ ಡಾಟ್ ಹೊಳಪಿನಲ್ಲಿ ಎಲ್ಲರಿಗಿಂತ ಮುಂದು. ಒಂದೇ ದೀಪದಿಂದ ಹಲವು ಬಣ್ಣಗಳನ್ನು ಹೊಮ್ಮಿಸಬಹುದು, ಬಣ್ಣಗಳು ಒಂದರೊಳಗೊಂದು ಬೆರೆಯುವುದೂ ಕಡಿಮೆ. ಆದರೆ ಡಾಟ್‌ಗಳನ್ನು ಬೆಳಗಿಸಲು ಬಳಸುವ ನೇರಳಾತೀತ ಬೆಳಕಿನಲ್ಲಿ ಸೀರಮ್ ತಾನೂ ಹೊಳೆಯುತ್ತದೆ. ಕ್ಯಾಡ್ಮಿಯಂ ಇರುವ ತ್ಯಾಜ್ಯದ ವಿಲೇವಾರಿಯೂ ಚಿಂತೆಯೇ. ಒಂದೇ ನಳಿಕೆಯಲ್ಲಿ ಮೂರು ನಾಲ್ಕು ಮೈಕ್ರೋಆರ್‌ಎನ್‌ಎಗಳನ್ನು ಒಟ್ಟಿಗೆ ಅಳೆಯಬೇಕಾದವರು ಇದನ್ನು ಆಯ್ದುಕೊಳ್ಳಲಿ. ಒಂದನ್ನೇ ಹುಡುಕುವವರಿಗೆ ನನ್ನ ಆಯ್ಕೆ ಚಿನ್ನವೇ.